ಮ್ಯಾನ್ಮಾರ್ ಸೇನೆಯ ಕೈ ಕಟ್ಟಿಹಾಕಲು ಇಲ್ಲಿಂದ ನಾವೇನು ಮಾಡಬಹುದು

2023ರ ಏಪ್ರಿಲ್ 11. ಮ್ಯಾನ್ಮಾರ್‌ನ ಸಾಗಾಯಿಂಗ್ ಪ್ರಾಂತ್ಯದ ಪಾಜಿಜಿ ಅನ್ನೋ ಹಳ್ಳಿ. ಸೇನೆಯನ್ನು ವಿರೋಧಿಸುವವರು ತಮ್ಮದೊಂದು ಕಚೇರಿ ತೆರೆಯುತ್ತಿದ್ದರು. ಬೆಳಿಗ್ಗೆಯೇ ಊರಿನ ಜನ ಸೇರಿದ್ದರು. ಹೆಂಗಸರಿದ್ದರು, ಮಕ್ಕಳಿದ್ದರು. ಸೇನೆಯ ಯುದ್ಧವಿಮಾನ ಬಂದು ಬಾಂಬ್ ಹಾಕಿತು. ಆಮೇಲೆ ಹೆಲಿಕಾಪ್ಟರ್ ಬಂದು ಉಳಿದವರ ಮೇಲೆ ಗುಂಡು ಸುರಿಸಿತು. 160ಕ್ಕೂ ಹೆಚ್ಚು ಜನ ಸತ್ತರು.

ಇಂಥ ಸುದ್ದಿ ಓದಿದಾಗ ನಮ್ಮ ಬಾಯಲ್ಲಿ ಬರುವುದು ಒಂದೇ ಮಾತು. "ಪಾಪ, ಇಲ್ಲಿ ಕೂತು ನಾವೇನು ಮಾಡೋಕಾಗುತ್ತೆ?"

ಆ ವಿಮಾನವನ್ನೇ ನೋಡಿ. ಮ್ಯಾನ್ಮಾರ್ ಸೇನೆಯ ಯುದ್ಧವಿಮಾನಗಳು ಮುಖ್ಯವಾಗಿ ರಷ್ಯಾ ಮತ್ತು ಚೀನಾದಿಂದ ಬಂದವು. ಅವಕ್ಕೆ ಬೇಕಾದ ಇಂಧನ ಹಡಗಿನಲ್ಲಿ ಹೊರಗಿನಿಂದ ಬರುತ್ತದೆ. ಅದನ್ನು ಕೊಳ್ಳಲು ಡಾಲರ್ ಬೇಕು. ಡಾಲರಿನ ದೊಡ್ಡ ಪಾಲು ಸಿಗುವುದು ಗ್ಯಾಸ್ ಮಾರಾಟದಿಂದ. ಆ ದುಡ್ಡು ಹೋಗಿ ಬರುವುದು ವಿದೇಶಿ ಬ್ಯಾಂಕುಗಳ ಮೂಲಕ. ಈ ಸರಪಳಿಯ ಪ್ರತಿ ಕೊಂಡಿಯಲ್ಲೂ ಸಹಿ ಹಾಕುವವರು ಯಾರೋ ಇದ್ದಾರೆ. ಅವರಲ್ಲಿ ಕೆಲವರು ಮ್ಯಾನ್ಮಾರ್‌ನಲ್ಲಿಲ್ಲ, ನಮ್ಮ ಪ್ರಶ್ನೆ ಮುಟ್ಟುವ ದೂರದಲ್ಲೇ ಇದ್ದಾರೆ. ಅವರ ಹತ್ತಿರ ಹೋಗುವುದು ಹೇಗೆ ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ಓದಿ. ಒಂದು ವಾರ ಸಾಕು

ಪೂರ್ತಿ ಇತಿಹಾಸ ಗೊತ್ತಾದ ಮೇಲೆ ಶುರು ಮಾಡೋಣ ಅಂದುಕೊಂಡರೆ ಯಾವತ್ತೂ ಶುರುವಾಗುವುದಿಲ್ಲ. ಇಷ್ಟು ಗೊತ್ತಿರಲಿ.

2020ರ ನವೆಂಬರ್ ಚುನಾವಣೆಯಲ್ಲಿ ಪ್ರಜಾಪ್ರಭುತ್ವದ ಹೋರಾಟಗಾರ್ತಿ ಆಂಗ್ ಸಾನ್ ಸೂ ಕಿ ಅವರ ಪಕ್ಷ ಭಾರಿ ಬಹುಮತದಿಂದ ಗೆದ್ದಿತು. ಹೊಸ ಸಂಸತ್ತು ಸೇರಬೇಕಿದ್ದದ್ದು 2021ರ ಫೆಬ್ರುವರಿ 1ರಂದು. ಅವತ್ತೇ ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಅಧಿಕಾರ ಕಿತ್ತುಕೊಂಡು ಸೂ ಕಿ ಅವರನ್ನು ಬಂಧಿಸಿದರು. ಡಾಕ್ಟರುಗಳು, ಮೇಷ್ಟ್ರುಗಳು, ರೈಲ್ವೆ ನೌಕರರು ಕೆಲಸ ಬಿಟ್ಟು ಹೊರಬಂದರು. ರಾತ್ರಿ 8 ಗಂಟೆಗೆ ಮನೆ ಮನೆಯಲ್ಲೂ ಪಾತ್ರೆ ಬಡಿದರು. ದೆವ್ವ ಓಡಿಸಲು ಹಾಗೆ ಬಡಿಯುವುದು ಅಲ್ಲಿಯ ಹಳೇ ರೂಢಿ. ರಾಜಧಾನಿ ನೈಪಿಡಾವ್‌ನಲ್ಲಿ ಮ್ಯಾ ಥ್ವೇ ಥ್ವೇ ಖೈನ್ ಎಂಬ ಹುಡುಗಿಯ ತಲೆಗೆ ಗುಂಡು ಬಿತ್ತು. ಎರಡು ದಿನಕ್ಕೆ ಅವಳ 20ನೇ ಹುಟ್ಟುಹಬ್ಬ. ಪ್ರಜ್ಞೆ ಇಲ್ಲದೆ ಆಸ್ಪತ್ರೆಯಲ್ಲಿದ್ದಳು. ಫೆಬ್ರುವರಿ 19ಕ್ಕೆ ತೀರಿಕೊಂಡಳು.

ಆಮೇಲಿನದ್ದು ಬೇಗ ಹೇಳುತ್ತೇನೆ. 2022ರ ಜುಲೈನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಅವರಲ್ಲಿ ಒಬ್ಬರು ಮಾಜಿ ಸಂಸದ. 2023ರಲ್ಲಿ ಸೂ ಕಿ ಅವರ ಪಕ್ಷವನ್ನೇ ವಿಸರ್ಜಿಸಿದರು. 2024ರ ಫೆಬ್ರುವರಿಯಲ್ಲಿ ಯುವಕರನ್ನು ಕಡ್ಡಾಯವಾಗಿ ಸೇನೆಗೆ ಸೇರಿಸುವ ಕಾನೂನು ಜಾರಿಗೆ ತಂದರು. 2025ರ ಮಾರ್ಚ್ 28ರಂದು ಭಾರಿ ಭೂಕಂಪವಾಯಿತು. ಜನ ಅವಶೇಷಗಳಡಿ ಸಿಕ್ಕಿಕೊಂಡಿದ್ದಾಗಲೂ ವೈಮಾನಿಕ ದಾಳಿ ನಿಲ್ಲಲಿಲ್ಲ. ಅದೇ ವರ್ಷ ಡಿಸೆಂಬರ್ 28ರಿಂದ ಹಂತ ಹಂತವಾಗಿ ಒಂದು ಚುನಾವಣೆ ನಡೆಸಿದರು. ಗೆದ್ದ ಪಕ್ಷವನ್ನೇ ಕಣದಿಂದ ಹೊರಗಿಟ್ಟು ನಡೆಸುವ ಚುನಾವಣೆ ಎಂಥದ್ದು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಇನ್ನೊಂದು ಮಾತು. ಇಡೀ ಅಭಿಯಾನವನ್ನು ಒಬ್ಬ ವ್ಯಕ್ತಿಯ ಮುಖಕ್ಕೆ ಕಟ್ಟಬೇಡಿ. 2012ರಲ್ಲಿ ಸೂ ಕಿ ಬೆಂಗಳೂರಿಗೆ ಬಂದಿದ್ದರು, ಇನ್ಫೋಸಿಸ್ ಕ್ಯಾಂಪಸ್ ನೋಡಿದ್ದರು. ನಮ್ಮಲ್ಲಿ ಎಷ್ಟೋ ಜನಕ್ಕೆ ಬರ್ಮಾ ಅಂದರೆ ಅವರೇ. ಆದರೆ 2017ರಲ್ಲಿ ಅದೇ ಸೇನೆ ರೋಹಿಂಗ್ಯಾ ಹಳ್ಳಿಗಳನ್ನು ಸುಟ್ಟು 7 ಲಕ್ಷಕ್ಕೂ ಹೆಚ್ಚು ಜನರನ್ನು ಬಾಂಗ್ಲಾದೇಶಕ್ಕೆ ಓಡಿಸಿತು. 2019ರ ಡಿಸೆಂಬರಿನಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ, ಇದೇ ದಾಳಿಯ ಕೇಸಿನಲ್ಲಿ, ಮ್ಯಾನ್ಮಾರ್ ಪರ ವಾದಿಸಲು ಹೋದವರು ಸೂ ಕಿ. ಅವರ ಬಿಡುಗಡೆಗೆ ಒತ್ತಾಯಿಸೋಣ, ಖಂಡಿತ. ಬೇಡಿಕೆ ಮಾತ್ರ ಎಲ್ಲರ ಪರ ಇರಲಿ. ಬರ್ಮನ್, ಚಿನ್, ಕರೆನ್, ಕಚಿನ್, ರೋಹಿಂಗ್ಯಾ, ಅಲ್ಲಿಯ ಯಾವ ಜನಾಂಗವನ್ನೂ ಬಿಡಬಾರದು.

ಒಂದೇ ಬೇಡಿಕೆ, ಒಬ್ಬರಿಗೇ

ನಾನು ನಮ್ಮ ಸಂಸದರಿಗೆ ಮೊದಲ ಪತ್ರ ಬರೆದಾಗ ನಾಲ್ಕು ಪುಟ ಆಗಿತ್ತು. ಹನ್ನೊಂದು ಬೇಡಿಕೆ ಇದ್ದವು. ಉತ್ತರ ಬರಲಿಲ್ಲ. ಮುಂದಿನ ಸಲ ಒಂದೇ ಪುಟ, ಒಂದೇ ಪ್ರಶ್ನೆ ಬರೆದೆ. ಹತ್ತು ದಿನ ಬಿಟ್ಟು ಅವರ ಆಪ್ತ ಕಾರ್ಯದರ್ಶಿ ಫೋನ್ ಮಾಡಿ, "ಇದನ್ನು ಯಾವ ಸಚಿವಾಲಯಕ್ಕೆ ಕೇಳಬೇಕು?" ಅಂದರು. ಅವತ್ತು ನನಗೆ ಅರ್ಥವಾಗಿದ್ದು ಇಷ್ಟೇ: ಓದುವವರಿಗೆ ನಮ್ಮ ಸಿಟ್ಟು ಹೊಸದಲ್ಲ, ಮುಂದೆ ಏನು ಮಾಡಬೇಕು ಅಂತ ಗೊತ್ತಾದರೆ ಅವರ ಕೈ ಓಡುತ್ತದೆ.

ಹಾಗಾಗಿ "ಮ್ಯಾನ್ಮಾರ್ ಉಳಿಸಿ" ಅಂತ ಬರೆಯಬೇಡಿ. ಯಾರಿಗೆ ಬರೆಯುತ್ತಿದ್ದೀರಿ, ಅವರ ಕೈಯಲ್ಲಿ ಏನಿದೆ ಅಂತ ಮೊದಲು ನೋಡಿ. ವಿಮಾನ ಇಂಧನ ನಿಲ್ಲಿಸಿ ಅನ್ನುವುದು ಒಂದು ಬೇಡಿಕೆ. ಗ್ಯಾಸ್ ದುಡ್ಡು ಸೇನೆಯ ಕೈಗೆ ಹೋಗದಂತೆ ತಡೆಯಿರಿ ಅನ್ನುವುದು ಇನ್ನೊಂದು. ಇದರಲ್ಲಿ ಈಗಾಗಲೇ ಗೆಲುವು ಸಿಕ್ಕಿದೆ. ಜನರ ಒತ್ತಡಕ್ಕೆ ಮಣಿದು 2022ರ ಜನವರಿಯಲ್ಲಿ ಟೋಟಲ್ ಮತ್ತು ಶೆವ್ರಾನ್ ತೈಲ ಕಂಪನಿಗಳು ಮ್ಯಾನ್ಮಾರ್ ಬಿಡುತ್ತೇವೆ ಅಂದವು. ಮರುತಿಂಗಳೇ ಯುರೋಪಿಯನ್ ಒಕ್ಕೂಟ ಅಲ್ಲಿಯ ಸರ್ಕಾರಿ ತೈಲ-ಅನಿಲ ಕಂಪನಿಯ ಮೇಲೆ ನಿರ್ಬಂಧ ಹಾಕಿತು. ಅಲ್ಲಿಯ ಶ್ವೇ ಗ್ಯಾಸ್ ಯೋಜನೆಯಲ್ಲಿ ನಮ್ಮ ಸರ್ಕಾರಿ ಕಂಪನಿಗಳಾದ ಒಎನ್‌ಜಿಸಿ ವಿದೇಶ್ ಮತ್ತು ಗೇಲ್ ಕೂಡ ಪಾಲುದಾರರು ಅನ್ನುವುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಒತ್ತಡ ಕೆಲಸ ಮಾಡುತ್ತದೆ ಅನ್ನುವುದಕ್ಕೆ ನನಗೆ ಎಲ್ಲಕ್ಕಿಂತ ಧೈರ್ಯ ಕೊಟ್ಟ ಉದಾಹರಣೆ ಸಿಂಗಾಪುರದ್ದು. 2023ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ ಒಂದು ವರದಿ ಕೊಟ್ಟರು. ಸೇನೆ ಅಧಿಕಾರ ಹಿಡಿದ ಮೇಲೆ ಕನಿಷ್ಠ 100 ಕೋಟಿ ಡಾಲರ್ ಬೆಲೆಯ ಶಸ್ತ್ರಾಸ್ತ್ರ ಮತ್ತು ಸಾಮಗ್ರಿ ಮ್ಯಾನ್ಮಾರ್‌ಗೆ ಹೋಗಿದೆ ಅಂತ ಲೆಕ್ಕ ಬಿಚ್ಚಿಟ್ಟರು. ರಷ್ಯಾದಿಂದ 40.6 ಕೋಟಿ, ಚೀನಾದಿಂದ 26.7 ಕೋಟಿ, ಸಿಂಗಾಪುರದಲ್ಲಿರುವ ಕಂಪನಿಗಳಿಂದ 25.4 ಕೋಟಿ, ಭಾರತದಿಂದ 5.1 ಕೋಟಿ, ಥಾಯ್ಲೆಂಡಿನಿಂದ 2.8 ಕೋಟಿ ಡಾಲರ್. ಸಿಂಗಾಪುರ ಸರ್ಕಾರ ತನಿಖೆ ಶುರು ಮಾಡಿತು. ಮರುವರ್ಷದ ವರದಿ ಬರುವ ಹೊತ್ತಿಗೆ ಅಲ್ಲಿಂದ ಹೋಗುವ ಸಾಮಗ್ರಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲಿಗೆ ಇಳಿದಿತ್ತು. ಅಷ್ಟರಲ್ಲಿ ಥಾಯ್ಲೆಂಡ್ ಕಡೆಯಿಂದ ಖರೀದಿ ಏರಿತ್ತು ಅನ್ನುವುದೂ ನಿಜ. ಒಂದು ತೂತು ಮುಚ್ಚಿದರೆ ನೀರು ಇನ್ನೊಂದು ಕಡೆ ನುಗ್ಗುತ್ತದೆ. ಹಾಗಂತ ಮೊದಲ ತೂತನ್ನು ಮುಚ್ಚದೆ ಬಿಡೋಕಾಗುತ್ತಾ?

ಕರ್ನಾಟಕದವರು ಹಿಡಿಯಬೇಕಾದ ಕೊಂಡಿ

ಭಾರತದ 5.1 ಕೋಟಿ ಡಾಲರ್ ಲೆಕ್ಕದಲ್ಲಿ ಆ ವರದಿ ಹೆಸರಿಸಿದ ಸರ್ಕಾರಿ ಕಂಪನಿಗಳಲ್ಲಿ ಒಂದು ಬಿಇಎಲ್. ಹೌದು, ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಸರ್ಕಾರ ಕೊಟ್ಟ ವಿವರಣೆಯನ್ನೂ ಹೇಳಬೇಕು. ಹಿಂದಿನ ನಾಗರಿಕ ಸರ್ಕಾರದ ಕಾಲದಲ್ಲಿ ಆದ ಒಪ್ಪಂದಗಳ ಪ್ರಕಾರ ರಫ್ತು ನಡೆದಿದೆ, ನಮ್ಮ ಗಡಿಯ ಭದ್ರತೆಯ ಪ್ರಶ್ನೆಯೂ ಇದೆ ಅನ್ನುವುದು ಅದರ ಸಾರ. ಗಡಿಯ ಚಿಂತೆ ಸುಳ್ಳಲ್ಲ. ಆದರೆ ಒಪ್ಪಂದ ಮಾಡಿಕೊಂಡ ಸರ್ಕಾರವನ್ನೇ ಜೈಲಿಗೆ ಹಾಕಿದ ಸೇನೆಗೆ ಆ ಒಪ್ಪಂದದ ಹೆಸರಲ್ಲಿ ಸಾಮಾನು ಕಳಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಜಾಲಹಳ್ಳಿಯ ಬಿಇಎಲ್ ನಮ್ಮ ಹೆಮ್ಮೆ. ನಾವು ಓಟು ಹಾಕುವ ಯಂತ್ರ ಮಾಡುವ ಎರಡು ಕಂಪನಿಗಳಲ್ಲಿ ಅದೂ ಒಂದು. ಅಲ್ಲಿ ಕೆಲಸ ಮಾಡುವವರು ನಮ್ಮ ಅಕ್ಕಪಕ್ಕದ ಮನೆಯವರು. ಗೇಟಿನ ಮುಂದೆ ನಿಂತು ಅವರ ಮೇಲೆ ಕೂಗಾಡಿದರೆ ಅವರೂ ದೂರವಾಗುತ್ತಾರೆ, ಕೆಲಸವೂ ಆಗುವುದಿಲ್ಲ. ಕೇಳಬೇಕಾದ್ದು ತೀರ್ಮಾನ ತೆಗೆದುಕೊಳ್ಳುವವರನ್ನು. ಅದಕ್ಕೆ ಮೂರು ದಾರಿ ಇವೆ.

ಮೊದಲನೆಯದು ಮಾಹಿತಿ ಹಕ್ಕು. ಬಿಇಎಲ್ ಸಾರ್ವಜನಿಕ ಪ್ರಾಧಿಕಾರ, ಅರ್ಜಿ ಹಾಕಬಹುದು. ಕೇಂದ್ರದ ಆರ್‌ಟಿಐ ಪೋರ್ಟಲ್‌ನಲ್ಲೂ ಹಾಕಬಹುದು, ಅಂಚೆಯಲ್ಲೂ ಕಳಿಸಬಹುದು. ಶುಲ್ಕ 10 ರೂಪಾಯಿ. ಅರ್ಜಿಯನ್ನು ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಲು ಕಾಯ್ದೆಯಲ್ಲೇ ಅವಕಾಶವಿದೆ. ಅಂದರೆ ಇಲ್ಲಿ ಕನ್ನಡದಲ್ಲೇ ಬರೆಯಬಹುದು. "ಯಾಕೆ ಕಳಿಸಿದಿರಿ?" ಅಂತ ಕೇಳಬೇಡಿ. ಕಾರಣ ಹೇಳುವುದು ಅವರ ಕೆಲಸವಲ್ಲ, ದಾಖಲೆ ಕೊಡುವುದು ಅವರ ಕೆಲಸ. ಹೀಗೆ ಬರೆಯಿರಿ:

"2021ರ ಫೆಬ್ರುವರಿ 1ರಿಂದ ಈ ಅರ್ಜಿಯ ದಿನಾಂಕದವರೆಗೆ ಮ್ಯಾನ್ಮಾರ್‌ಗೆ ರಫ್ತಾದ ಸಾಮಗ್ರಿಗಳ ಪಟ್ಟಿಯನ್ನು ವರ್ಷವಾರು, ಮೊತ್ತದ ಸಮೇತ ಒದಗಿಸಿ. ಈ ರಫ್ತುಗಳಿಗೆ ಪಡೆದ ಅಂತಿಮ ಬಳಕೆದಾರರ ಪ್ರಮಾಣಪತ್ರಗಳ ನಕಲು ಕೊಡಿ. ಯಾವುದಾದರೂ ಭಾಗವನ್ನು ಕೊಡಲು ಸಾಧ್ಯವಿಲ್ಲದಿದ್ದರೆ, ಸೆಕ್ಷನ್ 10ರ ಪ್ರಕಾರ ಉಳಿದ ಭಾಗವನ್ನು ಕೊಡಿ."

ಅಂತಿಮ ಬಳಕೆದಾರರ ಪ್ರಮಾಣಪತ್ರ ಅಂದರೆ ಸಾಮಾನನ್ನು ಕೊನೆಗೆ ಬಳಸುವವರು ಯಾರು ಅಂತ ಹೇಳುವ ಕಾಗದ. ಆ ಕೊನೇ ಸಾಲು ಬಿಡಬೇಡಿ. ಭದ್ರತೆ, ವಿದೇಶ ಸಂಬಂಧ, ವ್ಯಾಪಾರದ ಗುಟ್ಟು ಅಂತ ಸೆಕ್ಷನ್ 8ರ ಅಡಿ ಅರ್ಜಿ ತಳ್ಳಿಹಾಕುವ ಸಾಧ್ಯತೆ ಜಾಸ್ತಿ. ಆದರೆ ಸೆಕ್ಷನ್ 8(2) ಇನ್ನೊಂದು ಮಾತು ಹೇಳುತ್ತದೆ. ಸಾರ್ವಜನಿಕ ಹಿತ ಅದಕ್ಕಿಂತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು. ಮೇಲ್ಮನವಿಯಲ್ಲಿ ಇದನ್ನೇ ಹಿಡಿದು ವಾದಿಸಿ. "ಮಾಹಿತಿ ಕೊಡುವುದಿಲ್ಲ" ಅನ್ನುವ ಉತ್ತರ ಬಂದರೂ ಅದು ನಿಮ್ಮ ಕೈಯಲ್ಲಿರುವ ಒಂದು ದಾಖಲೆ. ಸಂಸದರ ಹತ್ತಿರ ಹೋಗುವಾಗ ಬೇಕಾಗುತ್ತದೆ.

ಎರಡನೆಯದು ಸಂಸತ್ತು. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಜನ ಇದ್ದಾರೆ. ಯಾವ ಪಕ್ಷದವರಾದರೂ ಸರಿ, ಭೇಟಿಗೆ ಸಮಯ ಕೇಳಿ. ಚುಕ್ಕೆ ಗುರುತಿಲ್ಲದ ಪ್ರಶ್ನೆ ಕೇಳುವಂತೆ ಕೋರಿ. ಅದಕ್ಕೆ ಲಿಖಿತ ಉತ್ತರ ಬರುತ್ತದೆ. ಲೋಕಸಭೆಯಲ್ಲಿ ಪ್ರಶ್ನೆಗೆ 15 ದಿನ ಮೊದಲೇ ನೋಟಿಸ್ ಕೊಡಬೇಕು. ಅಧಿವೇಶನ ಶುರುವಾದ ಮೇಲೆ ಓಡಿದರೆ ಆಗುವುದಿಲ್ಲ. ಪ್ರಶ್ನೆಯನ್ನು ನೀವೇ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆದುಕೊಂಡು ಹೋಗಿ, ಸಚಿವಾಲಯದ ಹೆಸರಿನ ಸಮೇತ. ಶಸ್ತ್ರಾಸ್ತ್ರ ರಫ್ತಿಗೆ ರಕ್ಷಣಾ ಸಚಿವಾಲಯ, ವಿಶ್ವಸಂಸ್ಥೆಯ ಮತಕ್ಕೆ ವಿದೇಶಾಂಗ ಸಚಿವಾಲಯ.

ಆ ಮತದ ವಿಷಯವೂ ತಿಳಿದಿರಲಿ. ಮ್ಯಾನ್ಮಾರ್‌ಗೆ ಶಸ್ತ್ರಾಸ್ತ್ರ ಹರಿದು ಹೋಗುವುದನ್ನು ತಡೆಯಿರಿ ಅಂತ 2021ರ ಜೂನ್ 18ರಂದು ವಿಶ್ವಸಂಸ್ಥೆಯ ಮಹಾಸಭೆ ಕರೆ ಕೊಟ್ಟಿತು. 119 ದೇಶ ಪರ, ಬೆಲಾರಸ್ ಒಂದೇ ವಿರುದ್ಧ. ದೂರ ಉಳಿದ 36 ದೇಶಗಳಲ್ಲಿ ಭಾರತವೂ ಒಂದು. 2022ರ ಡಿಸೆಂಬರ್ 21ರಂದು ಮ್ಯಾನ್ಮಾರ್‌ನಲ್ಲಿ ಹಿಂಸೆ ನಿಲ್ಲಿಸಿ ಅನ್ನುವ 2669ನೇ ನಿರ್ಣಯವನ್ನು ಭದ್ರತಾ ಮಂಡಳಿ ಅಂಗೀಕರಿಸಿದಾಗ 12 ದೇಶ ಪರ ನಿಂತವು. ಚೀನಾ, ರಷ್ಯಾ ಜೊತೆ ಭಾರತ ಮತ ಹಾಕದೆ ಕೂತಿತು. ಸೂ ಕಿ ಅವರಿಗೆ 1993ರ ನೆಹರೂ ಪ್ರಶಸ್ತಿ ಕೊಟ್ಟ ದೇಶ ನಮ್ಮದು. ಸಂಸದರ ಮುಂದೆ ಈ ಎರಡು ಮತಗಳ ವಿಷಯ ಇಡಿ.

ಮೂರನೆಯದನ್ನು ಹೆಚ್ಚು ಜನ ಯೋಚಿಸುವುದೇ ಇಲ್ಲ. ಬಿಇಎಲ್ ಷೇರು ಮಾರುಕಟ್ಟೆಯಲ್ಲಿದೆ. ಒಂದೇ ಒಂದು ಷೇರು ಇದ್ದರೂ ನೀವು ಷೇರುದಾರರು. ವಾರ್ಷಿಕ ಸಾಮಾನ್ಯ ಸಭೆಗೆ ಹೋಗಬಹುದು, ಮೊದಲೇ ಹೆಸರು ಕೊಟ್ಟು ಪ್ರಶ್ನೆ ಕೇಳಬಹುದು. ದೊಡ್ಡ ಕಂಪನಿಗಳು ಪ್ರತಿ ವರ್ಷ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಹೊಣೆಗಾರಿಕೆ ವರದಿ ಕೊಡಬೇಕು. ಅದರ ಐದನೇ ತತ್ವವೇ ಮಾನವ ಹಕ್ಕು. ಆ ಪುಟ ತೆಗೆದು ಓದಿ, ಅವರು ಬರೆದ ಸಾಲನ್ನೇ ಉದ್ಧರಿಸಿ, "ಇದು ಮ್ಯಾನ್ಮಾರ್ ಗ್ರಾಹಕರಿಗೂ ಅನ್ವಯಿಸುತ್ತದೆಯೇ?" ಅಂತ ಕೇಳಿ. ಹೂಡಿಕೆದಾರರ ಮಾತಿಗೆ ಕಂಪನಿಗಳು ಹೇಗೆ ಬಗ್ಗುತ್ತವೆ ಅನ್ನುವುದಕ್ಕೆ ಅದಾನಿ ಪೋರ್ಟ್ಸ್ ನೋಡಿ. ಯಾಂಗಾನ್‌ನಲ್ಲಿ ಸೇನೆಯ ಕಂಪನಿಯ ಜಾಗದಲ್ಲಿ ಬಂದರು ಕಟ್ಟುತ್ತಿತ್ತು. 2021ರ ಜೂನ್‌ನಲ್ಲಿ ನಾರ್ವೆಯ ಕೆಎಲ್‌ಪಿ ಪಿಂಚಣಿ ನಿಧಿ ಅದರ ಷೇರು ಮಾರಿತು. ಅಕ್ಟೋಬರಿನಲ್ಲಿ ಕಂಪನಿ ಹೊರಬರುವ ತೀರ್ಮಾನ ಹೇಳಿತು. 2023ರಲ್ಲಿ ಯೋಜನೆಯನ್ನು 3 ಕೋಟಿ ಡಾಲರ್‌ಗೆ ಮಾರಿ ಕೈತೊಳೆದುಕೊಂಡಿತು.

ಫೋಟೋ ಹಾಕುವ ಮುಂಚೆ

ಇದನ್ನು ನಿಧಾನವಾಗಿ ಓದಿ. ಇಲ್ಲಿ ತಪ್ಪಾದರೆ ಬೆಲೆ ಕೊಡುವವರು ನಾವಲ್ಲ.

ನನಗೆ ಪರಿಚಯದ ಒಬ್ಬ ಚಿನ್ ಹುಡುಗಿ ಬೆಂಗಳೂರಿನಲ್ಲಿ ಓದುತ್ತಾಳೆ. ಒಂದು ಸಲ ಅವಳ ಊರಿನ ಸುಟ್ಟ ಮನೆಗಳ ಫೋಟೋ ಕೊಟ್ಟಳು. ಮುಖಗಳು ಯಾವುದೂ ಇರಲಿಲ್ಲ. ಹಾಕಿಬಿಡೋಣ ಅಂದುಕೊಂಡೆ. ಅವಳು ಫೋನ್ ವಾಪಸ್ ಈಸಿಕೊಂಡು ಮೂಲೆಯಲ್ಲಿದ್ದ ಒಂದು ಕಿಟಕಿ ತೋರಿಸಿದಳು. "ಈ ಹೂವಿನ ಪರದೆ ನಮ್ಮ ಚಿಕ್ಕಮ್ಮನ ಮನೇದು. ಊರಲ್ಲಿ ಎಲ್ಲರಿಗೂ ಗೊತ್ತು. ಇದು ಬಂದರೆ ಫೋಟೋ ಯಾವ ಮನೆಯಿಂದ ತೆಗೆದದ್ದು ಅಂತ ತಿಳಿಯುತ್ತೆ ಅಣ್ಣ" ಅಂದಳು. ಆ ಭಾಗ ಕತ್ತರಿಸಿ ಕೊಟ್ಟಳು. ಅವತ್ತಿನಿಂದ ನಾನು ಯಾವ ಫೋಟೋವನ್ನೂ ಕೊಟ್ಟವರಿಗೆ ಇನ್ನೊಂದು ಸಲ ತೋರಿಸದೆ ಹಾಕಿಲ್ಲ.

ಮ್ಯಾನ್ಮಾರ್‌ನಲ್ಲಿ ಸೈನಿಕರು ರಸ್ತೆಯಲ್ಲಿ ನಿಲ್ಲಿಸಿ ಫೋನ್ ಕಸಿದು ನೋಡುತ್ತಾರೆ. ಫೇಸ್‌ಬುಕ್‌ನಲ್ಲಿ ಒಂದು ಲೈಕ್ ಒತ್ತಿದ್ದಕ್ಕೂ ಜೈಲು ಎಂದು ಸೇನೆಯೇ ಎಚ್ಚರಿಕೆ ಕೊಟ್ಟಿದೆ. ಸೇನೆಯನ್ನು ಟೀಕಿಸುವವರ ಮೇಲೆ ಬಳಸಲು 2021ರಲ್ಲಿ ಅಲ್ಲಿಯ ದಂಡ ಸಂಹಿತೆಗೆ ಸೇರಿಸಿದ 505ಎ ಎಂಬ ಸೆಕ್ಷನ್ ಅಡಿ ಸಾವಿರಾರು ಜನರನ್ನು ಹಿಡಿದರು. 2025ರ ಜನವರಿಯಲ್ಲಿ ಬಂದ ಸೈಬರ್ ಕಾನೂನು ಅನುಮತಿ ಇಲ್ಲದ ವಿಪಿಎನ್ (ಸರ್ಕಾರದ ತಡೆ ದಾಟಿ ಇಂಟರ್ನೆಟ್ ನೋಡುವ ದಾರಿ) ಸೇವೆಯನ್ನೂ ಅಪರಾಧ ಮಾಡಿತು. ಆದ್ದರಿಂದ ಅಲ್ಲಿರುವವರನ್ನು ಟ್ಯಾಗ್ ಮಾಡಬೇಡಿ. "ಏನಾಯ್ತು ಹೇಳಿ" ಅಂತ ನೀವಾಗಿ ಮೆಸೇಜ್ ಕಳಿಸಬೇಡಿ. ಮಾತಾಡಲೇಬೇಕಾದರೆ ಸಿಗ್ನಲ್ ಆ್ಯಪ್ ಬಳಸಿ, ಮೆಸೇಜ್ ತಾನಾಗಿ ಅಳಿಯುವ ಹಾಗೆ ಇಡಿ. ಅವರಾಗಿ ಸಂಪರ್ಕಿಸುವವರೆಗೆ ಕಾಯಿರಿ.

ಯಾರಾದರೂ ಸಾಕ್ಷ್ಯವನ್ನೇ ಕೊಟ್ಟರೆ ನೀವೇ ತನಿಖೆಗೆ ಇಳಿಯಬೇಡಿ. ನೋವು ಉಂಡವರು ಅದೇ ಕಥೆಯನ್ನು ನಾಲ್ಕು ಜನಕ್ಕೆ ನಾಲ್ಕು ಸಲ ಹೇಳುವ ಹಾಗಾಗಬಾರದು. ಹೇಳಿಕೆಗಳಲ್ಲಿ ಚೂರು ವ್ಯತ್ಯಾಸ ಬಂದರೂ ನಾಳೆ ಕೋರ್ಟಿನಲ್ಲಿ ಅದನ್ನೇ ಹಿಡಿದು ಎಳೆಯುತ್ತಾರೆ. ಇದಕ್ಕೆಂದೇ 2018ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ಮ್ಯಾನ್ಮಾರ್ ಕುರಿತ ಸ್ವತಂತ್ರ ತನಿಖಾ ವ್ಯವಸ್ಥೆಯೊಂದನ್ನು ಮಾಡಿದೆ. ಅದರ ವೆಬ್‌ಸೈಟಿನಲ್ಲಿ ಸುರಕ್ಷಿತವಾಗಿ ಕೊಡುವ ದಾರಿ ಇದೆ, ಅದನ್ನು ತೋರಿಸಿ. ಮೂಲ ಫೈಲು ಹಾಗೇ ಇರಲಿ, ತಿದ್ದಬೇಡಿ. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಕಳಿಸಿದರೆ ಯಾವಾಗ, ಎಲ್ಲಿ ತೆಗೆದದ್ದು ಅನ್ನುವ ಮಾಹಿತಿ ಅಳಿದು ಹೋಗುತ್ತದೆ.

ಸತ್ತವರ ಸಂಖ್ಯೆ ಬರೆಯುವಾಗ ಯಾರ ಲೆಕ್ಕ, ಯಾವ ದಿನದ್ದು ಅಂತ ಬರೆಯಿರಿ. ರಾಜಕೀಯ ಕೈದಿಗಳ ಲೆಕ್ಕ ಇಡುವ ಎಎಪಿಪಿ ಸಂಸ್ಥೆ ಖಚಿತವಾದ ಹೆಸರುಗಳನ್ನು ಮಾತ್ರ ಸೇರಿಸುತ್ತದೆ. ನಿಜವಾದ ಸಂಖ್ಯೆ ಅದಕ್ಕಿಂತ ದೊಡ್ಡದು ಅಂತ ಅವರೇ ಹೇಳುತ್ತಾರೆ. ಹಾಗಂತ ನಾವು ಊಹೆಯಿಂದ ಸೇರಿಸಿ ಹೇಳಬಾರದು. ಒಂದು ಸುಳ್ಳು ಅಂಕಿ ಸಿಕ್ಕರೆ ಸಾಕು, ಸೇನೆಯವರು ಇಡೀ ಪಟ್ಟಿಯನ್ನೇ ಸುಳ್ಳು ಅನ್ನುತ್ತಾರೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ

ನಿಮ್ಮ ಕೈಯಲ್ಲಿ ನಮಗಿಲ್ಲದ ಕೊಂಡಿಗಳಿವೆ. 2019ರಲ್ಲಿ ಮ್ಯಾನ್ಮಾರ್ ಮೇಲೆ ನರಮೇಧದ ಕೇಸು ಹಾಕಿದ್ದು ಯಾವ ದೊಡ್ಡ ದೇಶವೂ ಅಲ್ಲ, ಆಫ್ರಿಕಾದ ಪುಟ್ಟ ಗಾಂಬಿಯಾ. ಅಲ್ಲಿಯ ಕಾನೂನು ಸಚಿವರಾಗಿದ್ದ ಅಬೂಬಕರ್ ತಂಬಾಡು ಹಿಂದೆ ರುವಾಂಡ ನರಮೇಧದ ನ್ಯಾಯಮಂಡಳಿಯಲ್ಲಿ ಕೆಲಸ ಮಾಡಿದ್ದವರು. ಬಾಂಗ್ಲಾದೇಶದ ಕಾಕ್ಸ್ ಬಜಾರ್ ಶಿಬಿರಕ್ಕೆ ಹೋದರು, ರೋಹಿಂಗ್ಯಾಗಳ ಮಾತು ಕೇಳಿದರು. ರುವಾಂಡದಲ್ಲಿ ಕೇಳಿದ್ದೇ ಇಲ್ಲೂ ಕೇಳಿಸಿತು. 2020ರ ಜನವರಿ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯ ರೋಹಿಂಗ್ಯಾಗಳನ್ನು ರಕ್ಷಿಸಿ ಅಂತ ಮ್ಯಾನ್ಮಾರ್‌ಗೆ ಆದೇಶಿಸಿತು. 2023ರಲ್ಲಿ ಬ್ರಿಟನ್, ಕೆನಡಾ, ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್, ಡೆನ್ಮಾರ್ಕ್ ಒಟ್ಟಾಗಿ ಈ ಕೇಸಿನಲ್ಲಿ ಮಧ್ಯ ಪ್ರವೇಶಿಸಿದವು. ಮಾಲ್ಡೀವ್ಸ್ ಕೂಡ ಪ್ರತ್ಯೇಕವಾಗಿ ಬಂತು.

ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಬೇರೆ, ಅದು ವಿಚಾರಿಸುವುದು ದೇಶಗಳನ್ನಲ್ಲ, ವ್ಯಕ್ತಿಗಳನ್ನು. ಮ್ಯಾನ್ಮಾರ್ ಅದರ ಸದಸ್ಯ ಅಲ್ಲ. ಆದರೆ ಬಾಂಗ್ಲಾದೇಶ ಸದಸ್ಯ. ಜನರನ್ನು ಓಡಿಸಿದ ಅಪರಾಧ ಗಡಿ ದಾಟಿದಾಗ ಬಾಂಗ್ಲಾ ನೆಲದಲ್ಲೇ ಪೂರ್ತಿಯಾಯಿತು ಅನ್ನುವ ವಾದದಿಂದ ತನಿಖೆಗೆ ಬಾಗಿಲು ತೆರೆಯಿತು. 2024ರ ನವೆಂಬರ್ 27ರಂದು ಅಲ್ಲಿಯ ಪ್ರಾಸಿಕ್ಯೂಟರ್ ಮಿನ್ ಆಂಗ್ ಹ್ಲೈಂಗ್ ಬಂಧನಕ್ಕೆ ವಾರಂಟ್ ಕೋರಿದರು.

ನೀವು ಇರುವ ದೇಶ ಗಾಂಬಿಯಾ ಕೇಸಿನಲ್ಲಿ ಮಧ್ಯ ಪ್ರವೇಶಿಸಿದವುಗಳಲ್ಲಿ ಒಂದಾಗಿದ್ದರೆ ನಿಮ್ಮ ಸಂಸದರಿಗೆ ಬರೆಯಿರಿ. ವಿಮಾನ ಇಂಧನ ಸಾಗಿಸುವ ಹಡಗುಗಳಿಗೆ ವಿಮೆ ಕೊಡುವ ಕಂಪನಿ ನಿಮ್ಮ ಊರಿನದ್ದೇ ಇರಬಹುದು. ನಿಮ್ಮ ಪಿಂಚಣಿ ನಿಧಿ ಯಾವ ಕಂಪನಿಯಲ್ಲಿ ದುಡ್ಡು ಹಾಕಿದೆ ಅಂತ ಒಂದು ಇಮೇಲ್ ಮಾಡಿ ಕೇಳಿ.

ಬೀದಿಗೆ ಇಳಿಯುವುದಾದರೆ

ಬೆಂಗಳೂರಿನಲ್ಲಿ ಪ್ರತಿಭಟನೆಗೆ ಜಾಗ ಫ್ರೀಡಂ ಪಾರ್ಕ್. ಪೊಲೀಸರಿಗೆ ಮುಂಚೆಯೇ ಅರ್ಜಿ ಕೊಟ್ಟು ಅನುಮತಿ ತೆಗೆದುಕೊಳ್ಳಿ. ಮ್ಯಾನ್ಮಾರ್‌ನ ವಿದ್ಯಾರ್ಥಿಗಳನ್ನು, ನಿರಾಶ್ರಿತರನ್ನು ಮೈಕಿನ ಮುಂದೆ ನಿಲ್ಲಿಸಬೇಡಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಅವರ ವೀಸಾ, ವಾಸ ಎಲ್ಲ ತೂಗುಯ್ಯಾಲೆಯಲ್ಲಿರುತ್ತದೆ. ಅವರು ಬರೆದುಕೊಟ್ಟದ್ದನ್ನು ನೀವು ಓದಿ. ಮಿಜೋರಾಂ ಜನ ಮ್ಯಾನ್ಮಾರ್‌ನಿಂದ ಓಡಿಬಂದ 30 ಸಾವಿರಕ್ಕೂ ಹೆಚ್ಚು ಮಂದಿಗೆ ತಮ್ಮ ಊರುಗಳಲ್ಲಿ ಜಾಗ ಕೊಟ್ಟಿದ್ದಾರೆ, ಅದನ್ನೂ ಜನಕ್ಕೆ ಹೇಳಿ. ದುಡ್ಡಿನ ವಿಷಯದಲ್ಲಿ ಎಚ್ಚರ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ವಿದೇಶದಿಂದ ದೇಣಿಗೆ ತೆಗೆದುಕೊಳ್ಳಬೇಡಿ, ಹೊರಗಿನ ಗೆಳೆಯರು ಪ್ರೀತಿಯಿಂದ ಕೊಟ್ಟರೂ ಬೇಡ.

ಪತ್ರಿಕೆಗಳ ವಾಚಕರ ವಿಭಾಗಕ್ಕೆ ಕನ್ನಡದಲ್ಲಿ ಬರೆಯಿರಿ. ಫೆಬ್ರುವರಿ 1 ಮತ್ತು ಆಗಸ್ಟ್ 25 ಹತ್ತಿರ ಬಂದಾಗ ಬರೆದರೆ ಅಚ್ಚಾಗುವ ಸಾಧ್ಯತೆ ಜಾಸ್ತಿ. ಮೊದಲನೆಯದು ಸೇನೆ ಅಧಿಕಾರ ಕಿತ್ತುಕೊಂಡ ದಿನ, ಎರಡನೆಯದು ರೋಹಿಂಗ್ಯಾಗಳ ಮೇಲಿನ ದಾಳಿ ಶುರುವಾದ ದಿನ.

ಒಂದು ನೋಟ್‌ಬುಕ್ ಇಡಿ

ಐದು ಜನ ಸಾಕು. ಒಬ್ಬರು ಆರ್‌ಟಿಐ, ಒಬ್ಬರು ಸಂಸದರು, ಒಬ್ಬರು ಷೇರುದಾರರ ಸಭೆ, ಒಬ್ಬರು ಪತ್ರಿಕೆ, ಒಬ್ಬರು ಅಂಕಿಅಂಶ ಅಂತ ಹಂಚಿಕೊಳ್ಳಿ. ತಿಂಗಳಿಗೊಮ್ಮೆ ಸೇರಿ. ನೋಟ್‌ಬುಕ್‌ನಲ್ಲಿ ಯಾರಿಗೆ, ಯಾವತ್ತು, ಏನು ಕೇಳಿದೆವು, ಏನು ಬಂತು ಅಂತ ಬರೆದಿಡಿ. ಅಲ್ಲಿಯವರ ಹೆಸರು, ಊರು, ನಂಬರ್ ಮಾತ್ರ ಅದರಲ್ಲಿ ಯಾವತ್ತೂ ಬರೆಯಬೇಡಿ.

ಆರ್‌ಟಿಐ ಹಾಕಿದ ದಿನಾಂಕವನ್ನು ಮೊದಲ ಪುಟದಲ್ಲೇ ಗುರುತು ಮಾಡಿ. 30 ದಿನ ಎಣಿಸಿ. ಉತ್ತರ ಬಂದರೆ ಬಂದ ದಿನಾಂಕ ಬರೆಯಿರಿ, ಬರದಿದ್ದರೆ 30 ದಿನ ಮುಗಿದ ದಿನಾಂಕ. ಮೊದಲ ಮೇಲ್ಮನವಿಗೆ ಅಲ್ಲಿಂದ ಇನ್ನೊಂದು 30 ದಿನ ಇದೆ. ಅದೂ ಸರಿಯಾಗದಿದ್ದರೆ ಕೇಂದ್ರ ಮಾಹಿತಿ ಆಯೋಗಕ್ಕೆ ಹೋಗಲು 90 ದಿನ.